ನಿಮ್ಮ ದನಿಯಲ್ಲಿ ನಾನಾಡಿದ ‘ಇಲ್ಲ’

ಆ ದಿನ ಫೋನಿನಲ್ಲಿ ‘ಇಲ್ಲ’ ಅಂದದ್ದು ನೀವಲ್ಲ, ಜಯಕ್ಕ — ನಾನು. ನಿಮ್ಮ ದನಿಯಲ್ಲಿ, ನಿಮ್ಮದೇ ರಾಗದಲ್ಲಿ, ನಿಮ್ಮ ಹೆಸರು ಕರೆದಾಗ ‘ಊಂ’ಗುಟ್ಟಿ ನಾನೇ ಅಂದೆ. ಲ್ಯಾಬಿನ ಮೇಡಂ ನಂಬಿದರು. ಡಾಕ್ಟರು ನಂಬಿದರು. ಆ ಒಂದು ‘ಇಲ್ಲ’ದ ಮೇಲೆ ತಿಂಗಳುಗಟ್ಟಲೆ ನೀವು ಸಾವಿಗೆ ತಯಾರಾದಿರಿ. ಅಂಥದೊಂದು ಫೋನು ನಿಮ್ಮ ಹೆಸರಿಗೆ ಬಂದಿತ್ತು ಅನ್ನುವುದೇ ಇವತ್ತಿನ ತನಕ ನಿಮಗೆ ಗೊತ್ತಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಎರಡು ಮೂರು ಸಲ ಎದ್ದು ನೀರು ಕುಡಿದು ಬಂದೆ. ಮಾತಾಗಿದ್ದರೆ ಯಾರದ್ದಾದರೂ ದನಿ ತೆಗೆದು ಹೇಳಿಬಿಡುತ್ತಿದ್ದೆ. ಬರೆಯುವಾಗ ಯಾರ ದನಿಯೂ ಬರುವುದಿಲ್ಲ — ಅದೇ ಕಷ್ಟ. ಅದೇ ಕಾರಣಕ್ಕೆ ಬರೆಯುತ್ತಿದ್ದೇನೆ ಅಂತ ಕಾಣುತ್ತದೆ. ನೀವಂತೂ ಇದನ್ನು ಓದುವುದಿಲ್ಲ. ನಿಮ್ಮ ಕನ್ನಡಕ ಯಾವಾಗಲೂ ಇಟ್ಟ ಕಡೆ ಇರುವುದಿಲ್ಲ; ಸಿಕ್ಕರೂ ನೀವು ಓದುವುದು ಕ್ಯಾಲೆಂಡರಿನ ಹಿಂಬದಿಯ ಭವಿಷ್ಯವೊಂದನ್ನೇ. ಆದ್ದರಿಂದ ಇದು ನನ್ನ ಬಾಯಿಪಾಠ. ಭಾನುವಾರ ನಿಮ್ಮೆದುರು ಒಪ್ಪಿಸಬೇಕಾದ ಪಾಠ.

ನಾನು ಆಗ ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವ ಹುಡುಗ. ವೈಟ್‌ಫೀಲ್ಡ್, ಹೂಡಿ, ಬ್ರೂಕ್‌ಫೀಲ್ಡ್ ಎಲ್ಲ ನನ್ನ ಬೈಕಿನ ಕೆಳಗೆ. ಹಿಂದಿನ ಸೀಟಿನಲ್ಲಿ ಐಸ್ ತುಂಬಿದ ಡಬ್ಬಿ, ಬೆನ್ನಿಗೆ ಚೀಲ, ಬಾಯಲ್ಲಿ ಸದಾ ಬೇರೆಯವರ ಮಾತು. ‘ಸರ್ವಿಸ್ ಲಿಫ್ಟಲ್ಲಿ ಹೋಗಪ್ಪಾ’ ಅನ್ನುವ ಸೆಕ್ಯೂರಿಟಿ ಅಣ್ಣ, ಸೂಜಿ ನೋಡಿದ ಕೂಡಲೇ ಇಂಗ್ಲಿಷಿಗೆ ಹೊರಳುವ ಸಾಫ್ಟ್‌ವೇರ್ ಸಾರು, ರಕ್ತ ತಿರುಗಿಸುವ ಯಂತ್ರ ನಿಲ್ಲುವಾಗ ಬಿಡುವ ನಿಟ್ಟುಸಿರು — ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ. ಅಪಾರ್ಟ್‌ಮೆಂಟಿನ ನಾಯಿ ಬೆನ್ನು ಹತ್ತಿದಾಗ ‘ಸಾರ್, ನಾನು ಒಳ್ಳೇವ್ನು ಸಾರ್’ ಎಂದು ನಾಯಿಗೆ ಕೈ ಮುಗಿದು ಓಡಿದ್ದನ್ನು ಮಾಡಿ ತೋರಿಸಿದರೆ ಕ್ಯಾಬ್ ಡ್ರೈವರುಗಳು ಚಹಾ ಚೆಲ್ಲಿಕೊಳ್ಳುತ್ತಿದ್ದರು.

ಒಂದು ದನಿಯನ್ನು ಮಾತ್ರ ಯಾರಿಗೂ ಕೇಳಿಸಿರಲಿಲ್ಲ — ನನ್ನ ಊರಿನದನ್ನು. ನಾನು ಗಜೇಂದ್ರಗಡದ ಕಡೆಯವನು. ಬೆಂಗಳೂರಿಗೆ ಬಂದ ಹೊಸತರಲ್ಲಿ ಒಂದು ಸಲ ಬಾಯಿ ತಪ್ಪಿ ‘ಬರಾಕತ್ತೀನ್ರಿ’ ಅಂದಿದ್ದಕ್ಕೆ ರೂಮಿನ ಹುಡುಗರು ವಾರವಿಡೀ ಅದನ್ನೇ ಹೇಳಿ ಹೇಳಿ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನನ್ನನ್ನು ಅಣಕಿಸುವ ಮೊದಲೇ ನಾನು ಅವರನ್ನು ಅಣಕಿಸಲು ಶುರು ಮಾಡಿದೆ. ಹಾಗೆ ಶುರುವಾದದ್ದು — ಇರಲಿ. ಇದನ್ನು ಕಾರಣ ಅಂತ ಹೇಳುತ್ತಿಲ್ಲ. ಕಾರಣ ಅಂತ ಅನ್ನಿಸತೊಡಗಿದರೆ ಈ ಸಾಲನ್ನು ಹೊಡೆದು ಹಾಕುತ್ತೇನೆ.

ನಿಮ್ಮ ಮನೆಗೆ ಮೊದಲು ಬಂದ ಬೆಳಗ್ಗೆ ನೀವು ಬಾಗಿಲಲ್ಲೇ ಕೇಳಿದಿರಿ: “ಏನೋ ಸೊಳ್ಳೆ, ರಕ್ತ ಕುಡಿಯಾಕ್ ಬಂದ್ಯಾ?” ಅವತ್ತಿಂದ ನಾನು ಸೊಳ್ಳೆ. ಬಸವರಾಜ ಎಂಬ ಹೆಸರನ್ನು ನೀವು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೂಡಿಯ ಹಿಂದೆ, ಸಾಫ್ಟ್‌ವೇರ್ ಕಂಪನಿಯೊಂದರ ಕಾಂಪೌಂಡಿಗೆ ಬೆನ್ನು ಕೊಟ್ಟ ಮನೆ. ಕೆಳಗೆ ನೀವೊಬ್ಬರೇ. ಮೇಲೆ ನಿಮ್ಮ ಯಜಮಾನರು ಬದುಕಿದ್ದಾಗ ಕಟ್ಟಿಸಿದ ಸಾಲು ರೂಮುಗಳು, ಯಾವ ಹೊತ್ತಿಗೋ ಕ್ಯಾಬಿನಲ್ಲಿ ಹೋಗಿ ಯಾವ ಹೊತ್ತಿಗೋ ಬರುವ ಬಾಡಿಗೆಯವರು. “ಮನೆ ತುಂಬ ಜನ ಕಣೋ,” ಅಂದಿರಿ. “ಎಲ್ರೂ ಕಿವೀಗೆ ಬಿರಡೆ ಆಕ್ಕೊಂಡವ್ರೆ. ನಾನ್ ಕರುದ್ರೆ ಟಾಟಾ ಮಾಡ್ತಾರೆ.” ನಾನು ಅದನ್ನೇ ತಕ್ಷಣ ನಿಮ್ಮ ದನಿಯಲ್ಲಿ ಹೇಳಿದೆ — ಅದೇ ಎಳೆತ, ಕೊನೆಗೆ ಮೂಗಿನಿಂದ ಬರುವ ಅದೇ ‘ಹ್ಞೂಂ’. ನೀವು ಒಂದು ಕ್ಷಣ ನನ್ನ ಮುಖ ನೋಡಿದಿರಿ. ಆಮೇಲೆ ನಕ್ಕಿರಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಿರಿ. “ಇನ್ನೊಂದ್ಸಲ ಮಾತಾಡೋ ನನ್ನಂಗೆ. ಮನೇಲಿ ಇನ್ನೊಬ್ರು ಇದ್ದಂಗಾಯ್ತದೆ.”

ಆ ಮಾತು ಆಗ ನನಗೆ ತಮಾಷೆಯಾಗಿ ಕೇಳಿಸಿತು. ಈಗ ಪೀಣ್ಯದ ಈ ರೂಮಿನಲ್ಲಿ ಒಬ್ಬನೇ ಕೂತಾಗ — ಬೇಡ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮಗೆ ಮೈಕೈ ನೋವು, ಎಷ್ಟು ಕುಡಿದರೂ ತೀರದ ನೀರಡಿಕೆ, ಒಲೆಯ ಮೇಲೆ ಹಾಲಿಟ್ಟು ಮರೆಯುವ ಮರೆವು. ಡಾಕ್ಟರು ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಲು ಹೇಳಿದ್ದರು. ಅದು ಹೆಚ್ಚು ಬಂತು. ಆಗ ಇನ್ನೊಂದು ಪರೀಕ್ಷೆ ಬರೆದರು — ಪ್ಯಾರಾಥೈರಾಯ್ಡ್ ಹಾರ್ಮೋನು. ಕುತ್ತಿಗೆಯಲ್ಲಿ ಅವರೆಕಾಳಿಗಿಂತ ಚಿಕ್ಕ ನಾಲ್ಕು ಗ್ರಂಥಿಗಳಿವೆ. ರಕ್ತದಲ್ಲಿ ಎಷ್ಟು ಕ್ಯಾಲ್ಸಿಯಂ ಇರಬೇಕು ಎಂದು ಕಾವಲು ಕಾಯುವುದೇ ಅವುಗಳ ಕೆಲಸ. ಕ್ಯಾಲ್ಸಿಯಂ ಹೆಚ್ಚಿದ್ದು ಆ ಹಾರ್ಮೋನೂ ಹೆಚ್ಚಿದ್ದರೆ, ಕಾವಲುಗಾರನೇ ಕಳ್ಳ: ಗ್ರಂಥಿಯೊಂದು ಕೆಟ್ಟಿದೆ, ತೆಗೆದುಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾರ್ಮೋನು ತೀರ ಕಡಿಮೆಯಿದ್ದರೆ ಗ್ರಂಥಿಗಳು ಸುಮ್ಮನಿವೆ, ಕ್ಯಾಲ್ಸಿಯಂ ಬೇರೆಲ್ಲಿಂದಲೋ ಬರುತ್ತಿದೆ ಎಂದರ್ಥ. ಆ ‘ಬೇರೆಲ್ಲೋ’ ಎಂಬುದನ್ನು ಹುಡುಕುವಾಗ ಡಾಕ್ಟರುಗಳ ಮುಖ ಸಣ್ಣಗಾಗುತ್ತದೆ. ಯಾಕೆಂದರೆ ಅಲ್ಲಿ ಹಲವು ಸಲ ಸಿಗುವುದು ಕ್ಯಾನ್ಸರು.

ಇದೆಲ್ಲ ನನಗೆ ಆಗಲೇ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ನಿಯಮ. ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಶಕುಂತಲಾ ಮೇಡಂ ಅದನ್ನು ನಮ್ಮೆಲ್ಲರ ತಲೆಗೆ ತುಂಬಿದ್ದರು: ಈ ಪರೀಕ್ಷೆಗೆ ರಕ್ತ ತೆಗೆಯುವ ಮುಂಚೆ, ಕೂದಲಿಗೆ ಉಗುರಿಗೆ ಏನಾದರೂ ಮಾತ್ರೆ ತಗೊಳ್ತೀರಾ ಎಂದು ಕೇಳಲೇಬೇಕು. ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಎಂಬ ವಿಟಮಿನ್ ಇರುತ್ತದೆ. ಅದು ಮೈಗೆ ಏನೂ ಮಾಡುವುದಿಲ್ಲ, ನಮ್ಮ ಯಂತ್ರದ ಕಣ್ಣಿಗೆ ಮಾತ್ರ ಮಣ್ಣೆರಚುತ್ತದೆ: ಇರುವ ಹಾರ್ಮೋನನ್ನು ಇಲ್ಲ ಎಂದು ತೋರಿಸುತ್ತದೆ. ಮಾತ್ರೆ ತಗೊಳ್ಳುವವರಾದರೆ ಅದನ್ನು ಕೆಲವು ದಿನ ಬಿಡಿಸಿ ಆಮೇಲೆ ರಕ್ತ ತೆಗೆಯಬೇಕು. ಮೇಡಂ ಈ ನಿಯಮವನ್ನು ಎಷ್ಟು ಸಲ ಹೇಳಿದ್ದರೆಂದರೆ ಅದು ನನ್ನ ಐಟಂ ಆಗಿತ್ತು. ಸೊಂಟಕ್ಕೆ ಕೈಯಿಟ್ಟು, ಕನ್ನಡಕದ ಮೇಲಿಂದ ನೋಡುತ್ತ, ‘ಕೂದ್ಲಿಗೆ? ಉಗುರಿಗೆ?’ ಅನ್ನುತ್ತಿದ್ದೆ. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು.

ನಿಮ್ಮನ್ನು ಆ ಪ್ರಶ್ನೆ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಫ್ರಿಜ್ಜಿನ ಮೇಲೆ, ಪ್ಲಾಸ್ಟಿಕ್ ಹೂವಿನ ಪಕ್ಕ, ಗುಲಾಬಿ ಮುಚ್ಚಳದ ಡಬ್ಬಿ ಕಣ್ಣಿಗೆ ಹೊಡೆಯುತ್ತಿತ್ತು. ಮುಚ್ಚಳದ ಮೇಲೆ ಕೂದಲು ಹಾರಿಸಿಕೊಂಡು ನಿಂತ ಹುಡುಗಿ. “ಇದೇನಕ್ಕ, ಸಿನಿಮಾಗೆ ಹೋಗ್ತಿದೀರಾ?” ಅಂದೆ. ನೀವು ನಾಚಿದಿರಿ. ತೆಂಗಿನಕಾಯಿ ಗಾತ್ರದ ನಿಮ್ಮ ತುರುಬನ್ನು ಮುಟ್ಟಿ ನೋಡಿಕೊಂಡಿರಿ. “ಮೇಲಿನ್ ರೂಮಿನ ಪಾರ್ಲರ್ ಹುಡ್ಗಿ ತಂದ್ಕೊಟ್ಟವ್ಳೆ. ಉದುರ್ತಾ ಐತೆ ಕಣೋ. ಈ ಬಿಲ್ಡಿಂಗೆಲ್ಲ ನಮ್ಮೆಜಮಾನ್ರುದು. ಇದೊಂದು ನಂದು.” ಆಮೇಲೆ ದನಿ ತಗ್ಗಿಸಿ, “ಯಾರ್ಗೂ ಯೋಳ್ಬ್ಯಾಡ. ಮುದ್ಕೀಗೆ ಸೋಕಿ ಅಂತಾರೆ.”

ನಾನು ಎದ್ದು ನಿಂತು, ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುವ ದನಿಯಲ್ಲಿ, “ಈ ಗುಟ್ಟನ್ನು ಯಾರಿಗೂ ತಿಳಿಸುವುದಿಲ್ಲವೆಂದು ದೇವರ ಹೆಸರಿನಲ್ಲಿ...” ಅಂದೆ. ನೀವು ನಗುತ್ತಿರುವಾಗಲೇ ಸೂಜಿ ಚುಚ್ಚಿದೆ. ನಿಮಗೆ ಗೊತ್ತೇ ಆಗಲಿಲ್ಲ. ಅದನ್ನೂ ನಾನು ಕೈಚಳಕ ಅಂತ ಕೊಚ್ಚಿಕೊಳ್ಳುತ್ತಿದ್ದೆ.

ಬಾಯಿಗೆ ಬಂದದ್ದನ್ನೆಲ್ಲ ಒದರುವ ನಾನು ನನ್ನ ಇಡೀ ಜೀವನದಲ್ಲಿ ನೆಟ್ಟಗೆ ಉಳಿಸಿಕೊಂಡ ಪ್ರಮಾಣ ಅದೊಂದೇ.

ಫೋನು ನನಗೆ ಯಾಕೆ ಬಂತು ಅಂತ ನೀವು ಕೇಳುತ್ತೀರಿ. ಹೆಸರು ನೋಂದಾಯಿಸುವಾಗ ಮೊಬೈಲಿಗೊಂದು ಓಟಿಪಿ ಬರುತ್ತದೆ. ನಿಮ್ಮ ಫೋನು ಅವತ್ತೂ ಅಕ್ಕಿ ಡಬ್ಬದಲ್ಲೋ ಎಲ್ಲೋ ಸತ್ತು ಮಲಗಿತ್ತು. ಹೊತ್ತಾಗುತ್ತದೆಂದು ನನ್ನ ಎರಡನೇ ಸಿಮ್ಮಿನ ನಂಬರ್ ಹಾಕಿದೆ. ಹಾಗೆ ಮಾಡಬಾರದು, ನಾವೆಲ್ಲ ಮಾಡುತ್ತಿದ್ದೆವು.

ಅವತ್ತು ಮಧ್ಯಾಹ್ನ ಟೆಕ್ ಪಾರ್ಕಿನ ಹಿಂಗೇಟಿನ ಚಹಾದಂಗಡಿಯಲ್ಲಿದ್ದೆ. ಕ್ಯಾಬ್ ಓಡಿಸುವ ಮಂಜ, ಅವನ ಜೊತೆಯವರು, ಡ್ಯೂಟಿ ಮುಗಿಸಿದ ಸೆಕ್ಯೂರಿಟಿಗಳು — ಹೌಸ್‌ಫುಲ್. ಎರಡನೇ ಸಿಮ್ಮಿಗೆ ಲ್ಯಾಬಿನ ನಂಬರು ಬಂತು. ನನ್ನನ್ನೇ ಹುಡುಕುತ್ತಿದ್ದಾರೆ ಅಂದುಕೊಂಡು ಎತ್ತಿದೆ. ಶಕುಂತಲಾ ಮೇಡಂ.

“ಜಯಮ್ಮ ಅವ್ರಾ ಮಾತಾಡ್ತಿರೋದು?”

ಒಂದು ಕ್ಷಣ — ಆ ಒಂದು ಕ್ಷಣಕ್ಕೆ ಎಷ್ಟು ಸಲ ವಾಪಸ್ ಹೋಗಿದ್ದೇನೋ. ‘ಅಲ್ಲ ಮೇಡಂ, ನಾನು’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮಂಜ ನನ್ನ ಮುಖ ನೋಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ನನ್ನ ಬಾಯಿ ತಾನಾಗಿಯೇ ಎಳೆಯಿತು:

“ಊಂ ಕಣವ್ವ, ನಾನೇಯ. ಯೋಳು.”

ಮಂಜ ಪಿಸುಗುಟ್ಟಿದ, “ಮಗಾ, ಸಕ್ಕತ್! ಸ್ಪೀಕರ್‌ಗೆ ಹಾಕೋ!” ಹಾಕಿದೆ. ಇನ್ನೇನು ಮೇಡಂ ಗುರುತು ಹಿಡಿದು ಬಯ್ಯುತ್ತಾರೆ, ಆ ಬೈಗುಳವನ್ನೂ ಹುಡುಗರಿಗೆ ಕೇಳಿಸೋಣ — ಅಂದುಕೊಂಡಿದ್ದು ಅಷ್ಟೇ. ಅವರು ಗುರುತು ಹಿಡಿಯಲಿಲ್ಲ. ನನ್ನ ಜೊತೆ ಎಂದೂ ಆಡದ ಮೆತ್ತನೆಯ ದನಿಯಲ್ಲಿ ಮಾತಾಡಿದರು.

“ಅಮ್ಮಾ, ಲ್ಯಾಬಿಂದ ಮಾತಾಡ್ತಿದೀನಿ. ಗಾಬರಿ ಏನಿಲ್ಲ. ನಿಮ್ಮ ರಿಪೋರ್ಟ್ ಕಳ್ಸೋ ಮುಂಚೆ ಒಂದು ಮಾತು ಕೇಳ್ಬೇಕಿತ್ತು. ಕೂದ್ಲು ಉದುರತ್ತೆ ಅಂತ ಏನಾದ್ರೂ ಮಾತ್ರೆ ತಗೊಳ್ತಿದೀರಾ?”

ಅಂಗಡಿ ಮುಂದೆ ಎಲ್ಲರೂ ಬಾಯಿಗೆ ಕೈ ಒತ್ತಿಕೊಂಡರು. ನನ್ನ ಐಟಂ! ‘ಕೂದ್ಲಿಗೆ? ಉಗುರಿಗೆ?’ ಸಾಕ್ಷಾತ್ ಮೇಡಂ ಬಾಯಿಂದ! ಗುಲಾಬಿ ಮುಚ್ಚಳ ನನ್ನ ಕಣ್ಣ ಮುಂದೆ ಬಂತು, ಜಯಕ್ಕ. ಬರಲಿಲ್ಲ ಅಂತ ಹೇಳಲಾರೆ. ಉತ್ತರ ‘ಹೌದು’ ಅಂತ ನನಗೆ ಗೊತ್ತಿತ್ತು. ಆದರೆ ‘ಹೌದು’ ಅಂದರೆ ನಗು ಬರುವುದಿಲ್ಲ.

“ಅಯ್ಯೋ ಇಲ್ಲ ಕಣವ್ವ! ಇರೋ ನಾಕು ಕೂದ್ಲು ಉದ್ರೋದ್ರೆ ಬಾಚಣ್ಗೆಗೆ ರಜ ಕೊಡ್ತೀನಿ, ಬುಡು!”

ಮೇಡಮ್ಮೂ ನಕ್ಕರು. “ಸರಿ ಅಮ್ಮ. ಆರೋಗ್ಯ ನೋಡ್ಕೊಳ್ಳಿ,” ಅಂದು ಇಟ್ಟರು.

ಜನ ಚಪ್ಪಾಳೆ ಹೊಡೆದರು. ಮಂಜ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಬೆಂಗಳೂರಿನಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಪಡೆದ ಮಧ್ಯಾಹ್ನ ಅದು.

ಸಂಜೆ ಮೇಡಂಗೆ ಹೇಳಿಬಿಡಬೇಕು ಅಂದುಕೊಂಡೇ ಲ್ಯಾಬಿಗೆ ಹೋದೆ. ಅವರು ಯಾವುದೋ ಯಂತ್ರದ ಮೇಲೆ ಬಗ್ಗಿದ್ದರು, ಹಾರ್ಮೋನು ತೀರ ಕಡಿಮೆ ಅಂತ ನಿಮ್ಮ ರಿಪೋರ್ಟ್ ಹೋಗಿಯಾಗಿತ್ತು. “ಏನೋ?” ಅಂದರು. “ಏನಿಲ್ಲ ಮೇಡಂ,” ಅಂದೆ. ಇದು ನನ್ನ ದನಿಯಲ್ಲೇ.

ಮತ್ತೆ ನಿಮ್ಮ ಮನೆಗೆ ಬಂದದ್ದು ಕೆಲವು ವಾರಗಳ ಮೇಲೆ. ಡಾಕ್ಟರಿಗೆ ಅನುಮಾನ ಹೋಗಿರಲಿಲ್ಲ, ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿಸಲು ಹೇಳಿದ್ದರು. ಅಷ್ಟರಲ್ಲಿ ನೀವು ಎರಡು ಸ್ಕ್ಯಾನು ಮುಗಿಸಿದ್ದಿರಿ. ಕೆನ್ನೆ ಇಳಿದಿತ್ತು. ಆದರೂ ಬಾಯಿ ಮಾತ್ರ ನಿಮ್ಮದೇ.

“ಡಾಕ್ಟ್ರು ಕ್ಯಾನ್ಸರ್ ಅನ್ನಲಿಲ್ಲ ಕಣೋ. ಅನ್ನದೆ ಇರಾಕೆ ಎಷ್ಟು ಕಷ್ಟ ಪಟ್ರು ಅಂತೀಯ!”

ನಾನು ನಗಲಿಲ್ಲ. ನೀವು ಅದನ್ನು ಗಮನಿಸಿದಿರಿ. “ಯಾಕೋ ಸೊಳ್ಳೆ, ಮೈ ಉಸಾರಿಲ್ವಾ?” — ನೀವು ನನ್ನನ್ನು ಕೇಳಿದಿರಿ! ಕೇಳುತ್ತಲೇ ಫ್ರಿಜ್ಜಿನ ಮೇಲಿನ ಡಬ್ಬಿ ತೆಗೆದು, ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದಿರಿ. “ಓಗೋ ಕಾಲ್ದಾಗೆ ಕೂದ್ಲಾದ್ರೂ ನೆಟ್ಟಗಿರ್ಲಿ.”

ನನ್ನ ಕೈಯಲ್ಲಿ ಸೂಜಿಯಿತ್ತು. ಒಂದೇ ಮಾತು ಸಾಕಿತ್ತು: ‘ಅಕ್ಕ, ಅದನ್ನ ಸ್ವಲ್ಪ ದಿನ ಬಿಡಿ, ಆಮೇಲೆ ಬಂದು ತೆಗೀತೀನಿ.’ ಅದನ್ನು ಹೇಳಿದರೆ ಮೊದಲ ಸಲ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆ. ಅದರ ಹಿಂದೆ ಆ ಫೋನು. ಅದರ ಹಿಂದೆ ನನ್ನ ಕೆಲಸ. ನಾನು ನಿಮ್ಮ ತೋಳಿಗೆ ಪಟ್ಟಿ ಕಟ್ಟಿದೆ. “ಮುಷ್ಟಿ ಬಿಗಿ ಹಿಡೀಬೇಡಿ ಅಕ್ಕ, ಹಿಡಿದ್ರೆ ಕ್ಯಾಲ್ಸಿಯಂ ಸುಳ್ಳು ಸುಳ್ಳೇ ಜಾಸ್ತಿ ತೋರ್ಸತ್ತೆ,” ಅಂದೆ. ಎಂಥ ಕಾಳಜಿ, ನೋಡಿ! ರಕ್ತ ತೆಗೆದೆ. ಐಸಿನಲ್ಲಿಟ್ಟೆ. ಒಂದು ನಿಯಮವನ್ನೂ ಮುರಿಯಲಿಲ್ಲ — ಅದೊಂದನ್ನು ಬಿಟ್ಟು.

ಫೋನಿನಲ್ಲಿ ಆಡಿದ್ದು ತಮಾಷೆ ಅಂತ ಯಾರಾದರೂ ಅನ್ನಬಹುದು. ಈ ಎರಡನೆಯದಕ್ಕೆ ಆ ಹೆಸರಿಲ್ಲ. ಅವತ್ತು ಅಲ್ಲಿ ಮಂಜ ಇರಲಿಲ್ಲ, ಸ್ಪೀಕರ್ ಇರಲಿಲ್ಲ, ನಗುವವರು ಯಾರೂ ಇರಲಿಲ್ಲ. ನಾನು ಮತ್ತು ನೀವು, ಇಬ್ಬರೇ.

ಹಾರ್ಮೋನು ಮತ್ತೆ ಕಡಿಮೆ ಬಂತು. ಎರಡು ಸಲ ಬಂದ ಮೇಲೆ ಡಾಕ್ಟರು ಇನ್ನೇನು ಮಾಡುತ್ತಾರೆ? ಯಾವ ಔಷಧಿ ತಗೊಳ್ತೀರಿ ಅಂತ ಅವರೂ ಕೇಳಿದ್ದರಂತೆ. ನೀವು ಬಿ.ಪಿ. ಮಾತ್ರೆ ಹೆಸರು ಹೇಳಿದ್ದಿರಿ. ಕೂದಲಿನದು ನಿಮ್ಮ ಲೆಕ್ಕಕ್ಕೆ ಔಷಧಿಯೇ ಅಲ್ಲ, ಸೋಕಿ. ಅದನ್ನು ಹೇಳಲು ನಿಮಗೆ ನಾಚಿಕೆ. ಇಡೀ ಊರಿನಲ್ಲಿ ಆ ಡಬ್ಬಿಯ ಅರ್ಥ ಗೊತ್ತಿದ್ದವನು ನಾನೊಬ್ಬನೇ.

ಮತ್ತೆ ಹುಡುಕಾಟ. ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು, ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡಿದರು. ಪ್ರತಿ ಸಲ ‘ಇಲ್ಲಿಲ್ಲ’ ಅಂದಾಗ ನಿಮಗೆ ಸಮಾಧಾನವಾಗುವ ಬದಲು ಹೆದರಿಕೆ ಹೆಚ್ಚಾಗುತ್ತಿತ್ತು. “ಎಲ್ಲೋ ಅವಿತ್ಕೊಂಡೈತೆ ಕಣೋ,” ಅನ್ನುತ್ತಿದ್ದಿರಿ. ರಾತ್ರಿ ಮೇಲಿನ ರೂಮುಗಳಲ್ಲಿ ಕುರ್ಚಿ ಎಳೆದ ಸದ್ದಾದರೆ ಸಾಕು, ಯಾರೋ ಎಚ್ಚರವಿದ್ದಾರೆ ಅಂತ ಧೈರ್ಯವಾಗುತ್ತದೆ ಅಂದಿರಿ. ನಾನು ಆಗ ಇದೇ ದಾರಿಯಲ್ಲಿ ಹೊರಟಿದ್ದವನಂತೆ ನಟಿಸಿ ನಿಮ್ಮ ಮನೆಗೆ ಬರತೊಡಗಿದ್ದೆ — ರಕ್ತ ತೆಗೆಯಲಿಕ್ಕಲ್ಲ, ಸುಮ್ಮನೆ. ನೀವು ಮಣೆ ಹಾಕಿ ಕೂರಿಸಿ ಮುದ್ದೆ ಬಡಿಸುತ್ತಿದ್ದಿರಿ. ನಿಮ್ಮಂಥ ಮುದ್ದೆ — ಗಂಟಿಲ್ಲದೆ, ಕೈಗಂಟದೆ — ನಾನು ಬೇರೆಲ್ಲೂ ತಿಂದಿಲ್ಲ. ರೊಟ್ಟಿ ತಿಂದು ಬೆಳೆದವನು ಈ ಮಾತು ಹೇಳುತ್ತಿದ್ದೇನೆ. ಉಣ್ಣುತ್ತ ಕೂತು, ಇವತ್ತು ಹೇಳುತ್ತೇನೆ, ಈ ತುತ್ತು ಮುಗಿಯಲಿ ಅಂದುಕೊಳ್ಳುತ್ತಿದ್ದೆ. ನೀವು ಅಷ್ಟರಲ್ಲಿ, “ನನ್ನಂಗೆ ಮಾತಾಡೋ,” ಅನ್ನುತ್ತಿದ್ದಿರಿ. “ಮರ್ತೋಗಿದೆ ಅಕ್ಕ,” ಅನ್ನುತ್ತಿದ್ದೆ. ಕೈ ತೊಳೆದು ಎದ್ದು ಬರುತ್ತಿದ್ದೆ.

ಅದೇ ದಿನಗಳಲ್ಲಿ ನಿಮ್ಮ ಕೈ ಮುರಿಯಿತು. ನೀರಿನ ಟ್ಯಾಂಕರ್ ಬಂದಿತ್ತು. ಸಂಪಿನ ಕಬ್ಬಿಣದ ಮುಚ್ಚಳ ಎತ್ತಲು ಹೋದಿರಿ, ಮಣಿಕಟ್ಟು ಲಟಕ್ಕೆಂದಿತು. ಬೀಳಲಿಲ್ಲ, ಜಾರಲಿಲ್ಲ — ಬರೀ ಎತ್ತಿದ್ದಕ್ಕೆ. ಕೆಟ್ಟ ಗ್ರಂಥಿ ಕ್ಯಾಲ್ಸಿಯಮ್ಮನ್ನು ಮೂಳೆಯಿಂದಲೇ ಕದ್ದು ರಕ್ತಕ್ಕೆ ಸುರಿಯುತ್ತಿತ್ತು. ನಾನು ಬಾಯಿ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ಅದು ನಿಮ್ಮ ಕುತ್ತಿಗೆಯಿಂದ ಹೊರಗೆ ಬಂದಿರುತ್ತಿತ್ತೋ ಏನೋ. ‘ಏನೋ’ ಅಂತ ಬರೆದೆ, ನೋಡಿ. ಈಗಲೂ ನನಗೊಂದು ಸಂದಿ ಬಿಟ್ಟುಕೊಳ್ಳುತ್ತೇನೆ.

ಕೈಗೆ ಪಟ್ಟಿ ಹಾಕಿಸಿಕೊಂಡೇ ನೀವು ಚಿಕ್ಕತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿರಿ. ಯಾರಿಗೂ ಹೇಳಲಿಲ್ಲ. ಮೂರನೇ ಸಲ ರಕ್ತಕ್ಕೆ ಬಂದಾಗ ಬಾಗಿಲು ತೆಗೆದವರು ಯಾರೆಂದು ನನಗೆ ತಿಳಿಯಲಿಲ್ಲ. ಚಿಕ್ಕ ತಲೆ, ದೊಡ್ಡ ಕಣ್ಣು. “ಒಳೀಕ್ ಬಾರೋ, ನಾನೇಯ,” ಅಂದಿರಿ. “ಇರೋದ್ರಲ್ಲಿ ನಂದು ಅನ್ನೋದು ಅದೊಂದೇ ಇತ್ತು. ಅದ್ನೇ ಕೊಟ್ಬುಟ್ಟೆ.”

ನಾನು ಫ್ರಿಜ್ಜಿನ ಮೇಲೆ ನೋಡಿದೆ. ಪ್ಲಾಸ್ಟಿಕ್ ಹೂವಿತ್ತು. ಡಬ್ಬಿ ಇರಲಿಲ್ಲ. ಕೂದಲೇ ಇಲ್ಲದ ಮೇಲೆ ಮಾತ್ರೆ ಯಾಕೆಂದು ಪಾರ್ಲರ್ ಹುಡುಗಿಗೆ ವಾಪಸ್ ಕೊಟ್ಟಿದ್ದಿರಿ, ಆಗಲೇ ಎಷ್ಟೋ ದಿನವಾಗಿತ್ತು. ರಕ್ತ ಶೀಷೆಗೆ ಇಳಿಯುತ್ತಿರುವಾಗಲೇ ರಿಪೋರ್ಟು ಏನು ಬರುತ್ತದೆಂದು ನನಗೆ ಗೊತ್ತಾಗಿಹೋಗಿತ್ತು. ಹಾರ್ಮೋನು ಹೆಚ್ಚು ಬಂತು, ತುಂಬಾ ಹೆಚ್ಚು. ಕುತ್ತಿಗೆಯ ಗ್ರಂಥಿಯೇ. ಕ್ಯಾನ್ಸರಲ್ಲ. ಸಣ್ಣದೊಂದು ಗಾಯ ಮಾಡಿ ಅದನ್ನು ತೆಗೆದರು. ನಾಲ್ಕಾರು ದಿನದಲ್ಲಿ ನೀವು ಮನೆಯಲ್ಲಿದ್ದಿರಿ.

ಲಾಡು ತಂದು ನನ್ನ ಕೈಗಿಟ್ಟಿರಿ. “ಮುಡಿ ತಗೊಂಡ, ಜೀವ ಬುಟ್ಟ,” ಅಂದಿರಿ. ಆಗಿನಿಂದ ವರ್ಷಕ್ಕೆ ಮೂರು ನಾಲ್ಕು ಸಲ ಹೋಗಿ ಮತ್ತೆ ಮತ್ತೆ ಮುಡಿ ಕೊಡುತ್ತಿದ್ದೀರಿ. ಬೆರಳುದ್ದ ಬಂದ ಕೂದಲನ್ನೂ ಉಳಿಸಿಕೊಳ್ಳುವುದಿಲ್ಲ. ಆ ಲಾಡನ್ನು ನಾನು ನಿಮ್ಮೆದುರೇ ತಿಂದೆ, ಜಯಕ್ಕ. ಗಂಟಲಲ್ಲಿ ಇಳಿಯಿತು. ಇಳಿಯಬಾರದಿತ್ತು.

ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಕೋಲು ಹಿಡಿದು ಹಿಟ್ಟು ತಿರುವಲು ಈಗ ನಿಮಗಾಗುವುದಿಲ್ಲ. ಮುದ್ದೆ ಬಿಟ್ಟು ಅನ್ನಕ್ಕೆ ಬಂದಿದ್ದೀರಿ. ಆ ವಿಷಯಕ್ಕೆ ನೀವು ದೇವರನ್ನೂ ದೂರಲಿಲ್ಲ, ಡಾಕ್ಟರನ್ನೂ ದೂರಲಿಲ್ಲ.

ದೂರಿಕೊಂಡವರು ಶಕುಂತಲಾ ಮೇಡಂ, ತಮ್ಮನ್ನೇ. ಮೊದಲೆರಡು ಸಲ ಹಾಗೇಕೆ ಬಂತೆಂದು ಯಂತ್ರ ಬಿಚ್ಚಿಸಿದರು, ಎತ್ತಿಟ್ಟಿದ್ದ ಹಳೆಯ ರಕ್ತವನ್ನು ಮತ್ತೆ ಪರೀಕ್ಷೆಗೆ ಹಾಕಿದರು, ಯಂತ್ರದ ಕಂಪನಿಯವರ ಜೊತೆ ಜಗಳಾಡಿದರು. “ನಾನೇ ಫೋನ್ ಮಾಡಿ ಕೇಳಿದ್ನಲ್ಲೋ,” ಎಂದು ನನ್ನ ಮುಂದೆಯೇ ಅದೆಷ್ಟು ಸಲ ಹೇಳಿದರು! ಅದಾದ ಮೇಲೆ ಅವರು ಯಾವ ರಿಪೋರ್ಟಿಗೂ ನೆಮ್ಮದಿಯಿಂದ ಸಹಿ ಹಾಕಿದ್ದನ್ನು ನಾನು ನೋಡಿಲ್ಲ. ಅವರನ್ನು ಅಣಕಿಸುವುದನ್ನು ನಾನು ಬಿಟ್ಟೆ. ಸುಧಾರಿಸಿದ್ದಾನೆ ಅಂದುಕೊಂಡರು.

ಮನೆಮನೆ ಕೆಲಸ ಬೇಡವೆಂದು ಕೇಳಿಕೊಂಡು ಪೀಣ್ಯದ ಶಾಖೆಗೆ ಬಂದೆ. ನಿಮ್ಮ ಮನೆಗೆ ಆಗಾಗ ಬರುವುದನ್ನು ಮಾತ್ರ ಬಿಡಲಿಲ್ಲ. ಕೆಳಗೆ ಪವರ್ ಪ್ರೆಸ್ ಯಂತ್ರಗಳು, ಮೇಲೆ ನನ್ನ ರೂಮು. ವಾರವೆಲ್ಲ ನೆಲ ನಡುಗುತ್ತದೆ. ಭಾನುವಾರ ಯಂತ್ರ ನಿಂತರೆ ಕಿವಿಯೊಳಗೆ ಒಂಥರ ಖಾಲಿ. ಆಗ ಒಬ್ಬನೇ ಕೂತು ದನಿ ತೆಗೆಯುತ್ತೇನೆ. ಮಂಜ, ಸೆಕ್ಯೂರಿಟಿ ಅಣ್ಣ, ಸಾಫ್ಟ್‌ವೇರ್ ಸಾರು — ರೂಮು ತುಂಬ ಜನ. ನೀವು ಹೇಳಿದ್ದಿರಲ್ಲ, ಮನೇಲಿ ಇನ್ನೊಬ್ರು ಇದ್ದಂಗಾಯ್ತದೆ ಅಂತ. ಆಗುವುದಿಲ್ಲ ಅಕ್ಕ. ನಿಲ್ಲಿಸಿದ ಕೂಡಲೇ ಎಲ್ಲರೂ ಎದ್ದು ಹೋಗಿಬಿಡುತ್ತಾರೆ. ಉಳಿಯುವವನ ದನಿ ಹೇಗಿರುತ್ತದೆಂದು ನನಗೇ ನೆನಪಿಲ್ಲ. ಊರಿಗೆ ಫೋನ್ ಮಾಡಿದರೆ ಅವ್ವ ಕೇಳುತ್ತಾಳೆ, “ಯಾರ ಗತೆ ಮಾತಾಡಾಕತ್ತೀಯೋ ಬಸ್ಯಾ?”

ನೋಂದಣಿಯಲ್ಲಿ ಇನ್ನೂ ನನ್ನ ನಂಬರೇ ಇದೆ. ನಿಮ್ಮ ರಕ್ತದ ಸುದ್ದಿಯೆಲ್ಲ ಈಗಲೂ ಮೊದಲು ನನಗೇ ಬರುತ್ತದೆ. ‘ಪ್ರಿಯ ಜಯಮ್ಮ, ನಿಮ್ಮ ವಾರ್ಷಿಕ ಕ್ಯಾಲ್ಸಿಯಂ ಪರೀಕ್ಷೆ...’ ಮೊನ್ನೆಯೂ ಬಂತು. ಹಿಂದೆಯೇ, ಡಾಕ್ಟರು ನೆನಪಿಸಿದರೆಂದು ನಿಮ್ಮ ಫೋನು: “ಬೇರೆ ಯಾವನಾದ್ರೂ ಬಂದ್ರೆ ಬಾಗ್ಲು ತೆಗ್ಯಾಕಿಲ್ಲ. ನನ್ ಸೊಳ್ಳೇನೇ ಬರ್ಬೇಕು.”

ಮರುದಿನ ರಜೆ ಹಾಕಿ ಶಕುಂತಲಾ ಮೇಡಂ ಹತ್ತಿರ ಹೋದೆ. ಹೇಳಿದೆ. ಎಲ್ಲವನ್ನೂ. ಅವರು ಬಯ್ಯಲಿಲ್ಲ. ಕೈಗವಸು ಬಿಚ್ಚಿ ಕಸದ ಬುಟ್ಟಿಗೆ ಹಾಕಿದರು.

“‘ಆರೋಗ್ಯ ನೋಡ್ಕೊಳ್ಳಿ’ ಅಂತ ನಿಂಗೆ ಹೇಳಿದ್ನಾ ನಾನು?” ಅಂದರು. ಆಮೇಲೆ, “ಆಫೀಸಿಗೆ ನಾನು ತಿಳಿಸ್ಲೇಬೇಕು. ತಿಳಿಸ್ತೀನಿ. ಆದ್ರೆ ಮೊದ್ಲು ಅವ್ರಿಗೆ ನೀನು ಹೇಳು. ಬೇರೆಯವರ ಬಾಯಿಂದ ಅವ್ರಿಗೆ ಗೊತ್ತಾಗ್ಬಾರ್ದು.”

ಹೇಳಿದರೆ ಏನಾಗುತ್ತದೆಂದು ಬಲ್ಲೆ. ಕೆಲಸ ಹೋಗುತ್ತದೆ, ಹೋಗಲಿ. ನಿಮ್ಮ ದೇವರು ನಿಮಗಾಗಿ ಮಾಡಿದ್ದು ಅಂತ ನೀವು ನಂಬಿರುವ ಒಂದು ಕೆಲಸವನ್ನು ನಾನು ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತೇನೆ. ಬಾಗಿಲು ತಟ್ಟಿ ಮಾತಾಡಿಸುವ ಒಬ್ಬನನ್ನೂ ಕಿತ್ತುಕೊಳ್ಳುತ್ತೇನೆ. ನನಗೂ ಈ ಊರ ತುಂಬ ಇರುವುದು ನಿಮ್ಮ ಮನೆಯ ಆ ಒಂದು ಮಣೆ. ಇಷ್ಟು ವರ್ಷ ಸುಮ್ಮನಿದ್ದದ್ದು ನಿಮ್ಮ ನೆಮ್ಮದಿಗಾಗಿ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಆ ಮಣೆಗಾಗಿ.

ಭಾನುವಾರ ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸಿ ಬರುತ್ತೇನೆ. ಮೊದಲು ರಕ್ತ ತೆಗೆಯುತ್ತೇನೆ. ನೀವು ಮುಷ್ಟಿ ಸಡಿಲ ಬಿಡಿ. ಈ ಸಲ ಪ್ರಶ್ನೆ ಕೇಳುತ್ತೇನೆ, ಕೂದಲಿಗೆ ಉಗುರಿಗೆ ಏನಾದರೂ ಮಾತ್ರೆ — ನೀವು ಬೋಳುತಲೆ ಸವರಿಕೊಂಡು ನಗುತ್ತೀರಿ. ಹತ್ತಿ ಒತ್ತಿಕೊಂಡು ಎಂದಿನಂತೆ ಅನ್ನುತ್ತೀರಿ, “ನನ್ನಂಗೆ ಮಾತಾಡೋ.” ಮರೆತುಹೋಗಿದೆ ಅನ್ನುವುದಿಲ್ಲ. ಮಾತಾಡುತ್ತೇನೆ. ಆ ಮಧ್ಯಾಹ್ನ ಆಡಿದ್ದನ್ನೇ, ಒಂದಕ್ಷರ ಬಿಡದೆ, ಬಾಚಣಿಗೆಯ ರಜದ ತನಕ. ನೀವು ನಕ್ಕೇ ನಗುತ್ತೀರಿ, ನನಗೆ ಗೊತ್ತು. ಆ ನಗು ಪೂರ್ತಿ ಮುಗಿಯಲಿ ಎಂದು ಕಾಯುತ್ತೇನೆ. ನಾನು ಕೇಳುವ ನಿಮ್ಮ ಕೊನೆಯ ನಗು ಅದೇ ಇರಬಹುದು.

ಆಮೇಲೆ, ಫೋನಿನಲ್ಲಿ ಮೇಡಂ ಮೊದಲು ಕೇಳಿದರಲ್ಲ, ಮಾತಾಡುತ್ತಿರುವುದು ಯಾರು ಅಂತ — ಆ ಪ್ರಶ್ನೆಗೆ ಅವತ್ತು ಕೊಡಬೇಕಿದ್ದ ಉತ್ತರದಿಂದ ಶುರು ಮಾಡುತ್ತೇನೆ. ನೀವು ಎಂದೂ ಕೇಳಿರದ ದನಿ. ಈ ರೂಮಿನಲ್ಲಿ ಒಬ್ಬನೇ ಹೇಳಿ ಹೇಳಿ ನೋಡುತ್ತಿದ್ದೇನೆ, ಇನ್ನೂ ಸ್ವಲ್ಪ ನಡುಗುತ್ತದೆ:

“ಜಯಮ್ಮ ಅಲ್ರಿ. ನಾ ಬಸುರಾಜ ಮಾತಾಡಾಕತ್ತೀನ್ರಿ.”